ಸ್ಪಂದನ ಕೇಳಿದ ಪ್ರಶ್ನೆ

ಶಿಕಾರಿಪುರ, ಕಾಲೇಜಿನ ಸ್ಟಾಫ್ ರೂಮು
ಬುಧವಾರ, 12-2-2025

ಪ್ರೀತಿಯ ಅವ್ವನಿಗೆ ನಿನ್ನ ಮಗಳು ರಜನಿಯ ನಮಸ್ಕಾರಗಳು.

ಮೊಣಕಾಲು ನೋವು ಈಗ ಹೇಗಿದೆ? ಹೋದ ವಾರ ಫೋನಿನಲ್ಲಿ ಕಡಿಮೆಯಾಗಿದೆ ಅಂದೆ. ಆದರೆ ಹಾಗೆ ಅನ್ನುವಾಗ ನೀನು ಕೂತಲ್ಲಿಂದ ಏಳುತ್ತಿದ್ದಿರಬೇಕು, ದನಿಯಲ್ಲೇ ಗೊತ್ತಾಯಿತು. ಪ್ರದೀಪನ ಮೊಬೈಲ್ ಅಂಗಡಿಗೆ ಊಟದ ಡಬ್ಬಿ ಒಯ್ಯುವುದನ್ನು ಬಿಡು. ಮದುವೆ ವಯಸ್ಸಿಗೆ ಬಂದ ತಮ್ಮ, ಎರಡು ಬೀದಿ ದಾಟಿ ಮನೆಗೆ ಬಂದು ಉಂಡರೆ ಆನವಟ್ಟಿಯೇನೂ ಮುಳುಗುವುದಿಲ್ಲ. ಬಿ.ಪಿ. ಮಾತ್ರೆ ಮುಗಿಯುವ ಮುಂಚೆಯೇ ತರಿಸಿಕೋ, ಮುಗಿದು ನಾಲ್ಕು ದಿನ ಬಿಟ್ಟು ಅಲ್ಲ. ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ ಅಂತ ಬರೆಯುವುದು ವಾಡಿಕೆ, ಬರೆದಿದ್ದೇನೆ ಅಂದುಕೋ. ಕೂಸು ಮಾತ್ರ ನಿಜಕ್ಕೂ ಚೆನ್ನಾಗಿದೆ. ಒಂಬತ್ತು ತಿಂಗಳಿಗೆ ಕೆಳಗೆ ಎರಡು ಹಲ್ಲು ಬಂದಿವೆ. ಅಂಬೆಗಾಲಿಕ್ಕಿಕೊಂಡು ಹೋಗಿ ಇಡೀ ಮನೆಯಲ್ಲಿ ಮಾವನವರ ಚಪ್ಪಲಿಯನ್ನೇ ಹುಡುಕಿ ಬಾಯಿಗೆ ಹಾಕುತ್ತದೆ. ರಾತ್ರಿ ಅದಕ್ಕೂ ನಿದ್ದೆ ಇಲ್ಲ, ನನಗೂ ಇಲ್ಲ. ಅದು ಮಲಗಿದರೂ ನಾನು ಮಲಗುವುದಿಲ್ಲ, ಉಸಿರಾಡುತ್ತಿದೆಯೋ ಇಲ್ಲವೋ ಅಂತ ಮೂಗಿನ ಹತ್ತಿರ ಬೆರಳು ಹಿಡಿದು ನೋಡುತ್ತಿರುತ್ತೇನೆ. ನಗಬೇಡ, ನೀನೂ ಹಾಗೇ ಮಾಡಿರುತ್ತೀಯ.

ಫೋನ್ ಇರುವಾಗ ಕಾಗದ ಯಾಕೆ ಅನ್ನುತ್ತೀಯ. ನೀನು ಫೋನ್ ಎತ್ತಿದ ಕೂಡಲೇ ಸ್ಪೀಕರ್ ಒತ್ತುತ್ತೀಯಲ್ಲ ಅವ್ವ, ಅಂಗಡಿಯಲ್ಲಿ ರೀಚಾರ್ಜಿಗೆ ನಿಂತವರೆಲ್ಲ ನನ್ನ ಸಂಸಾರ ಕೇಳಿಕೊಂಡು ಹೋಗುತ್ತಾರೆ. ಹೋದ ತಿಂಗಳು ಕೂಸಿಗೆ ಭೇದಿ ಅಂದಾಗ ಯಾರೋ ಗಂಡಸು ಹಿಂದಿನಿಂದ "ದಾಳಿಂಬೆ ಸಿಪ್ಪೆ ತೇಯ್ದು ನೆಕ್ಕಿಸಕ್ಕೆ ಹೇಳ್ರಿ" ಅಂದ. ಇತ್ತ ಸೊರಬದ ಮನೆಯಲ್ಲಿ ನಾನು ಎಲ್ಲಿ ನಿಂತು ಮಾತಾಡಿದರೂ ಅಡುಗೆಮನೆಗೆ ಕೇಳುತ್ತದೆ. ನಮ್ಮ ಕಾಲೇಜಿನ ನೀಲಾಂಬಿಕ ಮೇಡಂ ಆನವಟ್ಟಿಯಿಂದಲೇ ದಿನಾ ಓಡಾಡುತ್ತಾರೆ, ಸಂಜೆ ಇದನ್ನು ನಿನ್ನ ಕೈಗೇ ಕೊಡುತ್ತಾರೆ. ಒಬ್ಬಳೇ ಕೂತು ಓದು. ಗಟ್ಟಿಯಾಗಿ ಓದಬೇಡ.

ನಿನ್ನಿಂದ ಒಂದು ಕೆಲಸ ಆಗಬೇಕು. ಅದನ್ನು ಹೇಳುವ ಮುಂಚೆ ನಾನು ಇಲ್ಲಿ ಏನು ಪಾಠ ಮಾಡುತ್ತೇನೆ ಅಂತ ಹೇಳಬೇಕು. ನೀನು ಊರಲ್ಲೆಲ್ಲ ನಮ್ಮ ರಜನಿ ಕಾಲೇಜಲ್ಲಿ ಲೆಕ್ಕ ಹೇಳಿಕೊಡ್ತಾಳೆ ಅಂತ ಹೇಳಿಕೊಂಡು ಬರುತ್ತೀಯ. ಲೆಕ್ಕ ಮಾಡುವುದು ಬಿ.ಕಾಂ. ಮಕ್ಕಳಿಗೆ ಬರುತ್ತದೆ ಅವ್ವ. ಎಡಗಡೆ ಬಲಗಡೆ ಮೊತ್ತ ಸಮ ಬಂದರೆ "ಟ್ಯಾಲಿ ಆತು ಮೇಡಂ" ಅಂತ ಪೆನ್ನು ಕೆಳಗಿಟ್ಟು ಕಿಟಕಿಯಾಚೆ ನೋಡುತ್ತಾರೆ. ಸಮ ಬರದಿದ್ದರೆ ಎಷ್ಟು ವ್ಯತ್ಯಾಸವೋ ಅಷ್ಟನ್ನೂ ಸಸ್ಪೆನ್ಸ್ ಖಾತೆ ಅಂತ ಒಂದು ಸಾಲಿಗೆ ತುಂಬಿ ಸಮ ಮಾಡಿಬಿಡುತ್ತಾರೆ. ತಪ್ಪು ಸಿಗುವವರೆಗೆ ಹಾಗೆ ಮಾಡಬಹುದು ಅಂತ ಪುಸ್ತಕದಲ್ಲೇ ಇದೆ. ಇವರು ಆಮೇಲೆ ಹುಡುಕುವುದೇ ಇಲ್ಲ. ದಸರಾ ರಜೆ ಮುಗಿದ ಮೇಲೆ ನಾನೊಂದು ಲೆಕ್ಕ ಕೊಟ್ಟೆ, ಜವಳಿ ಅಂಗಡಿಯದು. ಸಾಲಕ್ಕೆ ತಂದ ಒಂದು ಮೂಟೆ ಬಟ್ಟೆಯನ್ನು ಬೇಕಂತಲೇ ಎಲ್ಲೂ ಬರೆದಿರಲಿಲ್ಲ. ಸರಕು ಬಂತು ಅನ್ನುವ ಕಡೆಯೂ ಇಲ್ಲ, ಕೊಡಬೇಕು ಅನ್ನುವ ಕಡೆಯೂ ಇಲ್ಲ. ಎರಡೂ ಕಡೆ ಬಿಟ್ಟರೆ ಎರಡೂ ಕಡೆ ಅಷ್ಟೇ ಕಡಿಮೆಯಾಗುತ್ತದೆ, ಲೆಕ್ಕ ಚೊಕ್ಕವಾಗಿ ಸಮ ಬರುತ್ತದೆ. ಇಡೀ ತರಗತಿ ಟ್ಯಾಲಿ ಆತು ಅಂದಿತು. ತಪ್ಪಿದೆ ಅಂದರೆ "ಎಲ್ಲೈತೆ ತೋರ್ಸಿ ಮೇಡಂ" ಅಂತ ನನಗೇ ಸವಾಲು. ಅಂಗಡಿಯ ಕಪಾಟಿನಲ್ಲಿ ಏನೇನಿದೆ ಅನ್ನುವುದನ್ನು ಬೇರೆ ಹಾಳೆಯಲ್ಲಿ ಬರೆದು ಕೊಟ್ಟಿದ್ದೆ, ಅದನ್ನು ಒಬ್ಬರೂ ತಿರುವಿ ನೋಡಿರಲಿಲ್ಲ.

ಅವತ್ತು ಬೋರ್ಡಿನ ಮೇಲೆ ಮೂರು ಪ್ರಶ್ನೆ ಬರೆದೆ. ಇದನ್ನು ಹೇಳಿದವರು ಯಾರು? ಅವರಿಗೆ ಹೇಗೆ ಗೊತ್ತು? ಹೇಳದೆ ಬಿಟ್ಟದ್ದು ಏನು? ಇನ್ನು ಮೇಲೆ ಯಾವ ಲೆಕ್ಕ ಬಂದರೂ ಕೂಡುವ ಮುಂಚೆ ಇವನ್ನು ಕೇಳಿ ಅಂದೆ. ಮೊದಲ ವಾರ ಅದೊಂದು ತಮಾಷೆಯಾಯಿತು. ಹಾಜರಿ ಕರೆದರೆ ನನ್ನನ್ನೇ ಕೇಳುವವರು, ಕ್ಯಾಂಟೀನಿನಲ್ಲಿ ಇಡ್ಲಿ ಬಿಸಿ ಇದೆ ಅಂದರೆ ಯಾರು ಹೇಳಿದ್ದು ಅನ್ನುವವರು. ಒಬ್ಬ ಮನೆಯಲ್ಲಿ ಅಪ್ಪನಿಗೇ ಕೇಳಿ ಕಪಾಳಕ್ಕೆ ತಿಂದು ಬಂದ. ನಮ್ಮ ವಿಭಾಗದ ಮುಖ್ಯಸ್ಥರು ಕರೆಸಿ, "ಪ್ರಶ್ನೆ ಕೇಳೋಕೆ ಯೂನಿವರ್ಸಿಟಿಯೋರು ಇದಾರಲ್ರೀ, ನಮ್ಮ ಹುಡುಗ್ರು ಉತ್ತರ ಬರೆದ್ರೆ ಸಾಕು" ಅಂದರು. ನಾನು ಅತಿಥಿ ಉಪನ್ಯಾಸಕಿ, ಬರುವ ವರ್ಷ ಕರೆಯುತ್ತಾರೋ ಇಲ್ಲವೋ ಅವರ ಕೈಯಲ್ಲಿದೆ. ಆಯ್ತು ಸರ್ ಅಂದು ಬಂದು ಮತ್ತೆ ಅದನ್ನೇ ಮಾಡಿದೆ. ಯಾಕೆಂದರೆ ಈ ಮಕ್ಕಳು ನಾಳೆ ಯಾವುದೋ ಆಫೀಸಿನಲ್ಲಿ ಕೂರುತ್ತಾರೆ, ಯಾರೋ ಒಂದು ಹಾಳೆ ತಂದು ಸಹಿ ಹಾಕು ಅನ್ನುತ್ತಾರೆ. ಸಮ ಬಂದಿದೆ ಅಂತ ಇವರು ಹಾಕಿಬಿಡುತ್ತಾರೆ. ಇಡೀ ದಿನದಲ್ಲಿ ನನಗೆ ನಾನು ಏನೋ ಮಾಡುತ್ತಿದ್ದೇನೆ ಅನ್ನಿಸುವುದು ಆ ಒಂದು ಗಂಟೆ ಮಾತ್ರ. ಉಳಿದದ್ದೆಲ್ಲ ಬಸ್ಸು. ಸೊರಬದಿಂದ ಶಿರಾಳಕೊಪ್ಪ, ಅಲ್ಲಿಂದ ಶಿಕಾರಿಪುರ, ಒಂಟಿ ಕಾಲಲ್ಲಿ ನಿಂತು. ನಾಲ್ಕನೇ ಪಿರಿಯಡ್ಡಿಗೆ ಎದೆ ಕಟ್ಟಿಕೊಂಡು ಸೆರಗು ಒದ್ದೆಯಾಗುತ್ತದೆ. ಬಚ್ಚಲಿಗೆ ಚಿಲಕ ಇಲ್ಲ, ನೀಲಾಂಬಿಕ ಮೇಡಂ ಹೊರಗೆ ಕಾಯುತ್ತಾರೆ, ನಾನು ಕೂಸಿನ ಹಾಲನ್ನು ಹಿಂಡಿ ಚರಂಡಿಗೆ ಚೆಲ್ಲಿ ಬಂದು ಸವಕಳಿಯ ಪಾಠ ಮಾಡುತ್ತೇನೆ.

ಸ್ಪಂದನ ಆ ತರಗತಿಯವಳು, ಮೂರನೇ ವರ್ಷ. ಅಂಜನಾಪುರದ ಗುತ್ಯಪ್ಪ ಮಾಮನ ಮಗಳು ಅಂತ ನಿನಗೆ ಹೇಳಬೇಕಿಲ್ಲ, ನಿನ್ನ ತವರೂರಿನ ಹುಡುಗಿ. ಒಂದು ಅಂಗಡಿಗೆ ಹೋಗಿ ಈ ಮೂರು ಪ್ರಶ್ನೆ ಕೇಳಿ ಬರೆದುಕೊಂಡು ಬನ್ನಿ ಅಂದಾಗ ಉಳಿದವರೆಲ್ಲ ಮಾಲೀಕರು ಹೇಳಿದ್ದನ್ನು ಚಂದದ ಅಕ್ಷರದಲ್ಲಿ ಬರೆದು ತಂದರು. ಇವಳು ಬರೆದಿದ್ದಳು: ಅಂಗಡಿಯವರನ್ನು ಕೇಳಿದರೆ ಅಂಗಡಿಯವರ ಉತ್ತರವೇ ಸಿಗುತ್ತದೆ, ಆದ್ದರಿಂದ ಎದುರಿನ ಟೀ ಅಂಗಡಿಯವರನ್ನೂ ಕೇಳಿದ್ದೇನೆ. ನನಗೆ ಆ ದಿನ ಬಸ್ಸಿನಲ್ಲಿ ನಿಂತದ್ದೂ ಗೊತ್ತಾಗಲಿಲ್ಲ ಅವ್ವ, ಅಷ್ಟು ಖುಷಿ. ಮನೆಯಲ್ಲಿ ಹೇಳಿಕೊಂಡೆ. ಅದೇ ತಪ್ಪಾಗಿದ್ದು. ಅತ್ತೆ ಯಾರ ಮಗಳು, ಎಲ್ಲಿಯವಳು ಅಂತ ವಿಚಾರಿಸಿದರು. ಅವಳು ಒಂದು ದಿನ ಕೂಸನ್ನು ನೋಡಲು ಮನೆಗೆ ಬಂದಳು, ಅತ್ತೆ ಬಡಿಸಿ ಉಣ್ಣಿಸಿದರು, ಕಳಿಸುವಾಗ ಹೂ ಮುಡಿಸಿದರು. ಸಂಕ್ರಾಂತಿ ಕಳೆಯುವಷ್ಟರಲ್ಲಿ ನನ್ನ ಮೈದುನ ಲೋಕೇಶನಿಗೆ ಅವಳನ್ನು ತರುವ ಮಾತು ಅಂಜನಾಪುರ ತಲುಪಿತ್ತು.

ಗುತ್ಯಪ್ಪ ಮಾಮ ನಿನ್ನನ್ನು ಕೇಳಿದಾಗ ನೀನು "ನನ್ನ ಮಗಳನ್ನೇ ಕೊಟ್ಟಿರೋ ಮನೆ, ಇನ್ನೇನು ಹೇಳ್ಲಿ" ಅಂದೆಯಂತೆ. ಆ ಒಂದು ಮಾತಿಗೆ ಅವರು ಬೇರೆ ಯಾರನ್ನೂ ಕೇಳದೆ ಒಪ್ಪಿದರು. ನಿನ್ನ ತಪ್ಪಲ್ಲ, ನಿನಗೆ ಗೊತ್ತಿರಲಿಲ್ಲ. ಗೊತ್ತಿದ್ದ ನಾನು ನಿನಗೆ ಹೇಳಿರಲಿಲ್ಲ.

ಲೋಕೇಶನಿಗೆ ಮೂರ್ಛೆ ಬರುತ್ತದೆ ಅವ್ವ. ಫಿಟ್ಸ್. ನಾನು ಈ ಮನೆಗೆ ಬಂದ ಮೂರನೇ ತಿಂಗಳಲ್ಲಿ ಒಂದು ಬೆಳಿಗ್ಗೆ ನಲ್ಲಿಯ ಹತ್ತಿರ ಹಲ್ಲುಜ್ಜುತ್ತಿದ್ದವನು ಹಾಗೇ ಬಿದ್ದ. ಕೈಕಾಲು ಸೆಟೆದುಕೊಂಡು ಬಾಯಲ್ಲಿ ನೊರೆ. ಅತ್ತೆ ಬೀಗದ ಕೈ ಗೊಂಚಲು ತಂದು ಅವನ ಮುಷ್ಟಿಗೆ ತುರುಕುತ್ತಿದ್ದರು. ನಾನು ಕೋಣೆಗೆ ಓಡಿ ಬಾಗಿಲು ಹಾಕಿಕೊಂಡೆ. ಸತ್ತೇ ಹೋದ ಅಂದುಕೊಂಡಿದ್ದೆ. ಆಮೇಲೆ ಪಿತ್ತ ಅಂದರು. ಪಿತ್ತ ಅಲ್ಲ ಅಂತ ತಿಳಿಯುವುದಕ್ಕೆ ನನಗೆ ಇನ್ನಾರು ತಿಂಗಳು ಬೇಕಾಯಿತು. ಈಗ ಶಿವಮೊಗ್ಗದ ಡಾಕ್ಟರ ಮಾತ್ರೆ ನುಂಗುತ್ತಾನೆ, ಬಹಳ ಕಡಿಮೆಯಾಗಿದೆ, ಹೋದ ವರ್ಷ ಒಂದೇ ಸಲ ಬಂದದ್ದು. ಒಮ್ಮೆ ಅತ್ತೆಯ ಜೊತೆ ನಾನೂ ಹೋಗಿದ್ದೆ. ಬಂದಾಗ ಕೈಗೆ ಕಬ್ಬಿಣ ಕೊಡಬೇಡಿ, ಬಾಯಿಗೆ ಏನೂ ಇಡಬೇಡಿ, ಮಗ್ಗುಲಿಗೆ ಹೊರಳಿಸಿ ಸುಮ್ಮನೆ ಜೊತೆಗಿರಿ ಅಂದರು ಡಾಕ್ಟರು. ಮದುವೆ ಮಾಡಬಹುದಾ ಅಂತ ಅತ್ತೆ ಕೇಳಿದ್ದಕ್ಕೆ, ಬರುವ ಹುಡುಗಿಗೆ ಇದಿಷ್ಟು ಮೊದಲೇ ಗೊತ್ತಿದ್ದರೆ ಏನೂ ತೊಂದರೆ ಇಲ್ಲ ಅಂದರು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಅತ್ತೆ ಫೋನ್ ಮಾಡಿ ಮಾವನವರಿಗೆ ಹೇಳಿದರು: "ಏನೂ ತೊಂದ್ರೆ ಇಲ್ಲ ಅಂದ್ರು ಕಣ್ರೀ." ಮಾತಿನ ಮೊದಲರ್ಧ ಬಸ್ ಸ್ಟ್ಯಾಂಡಿನಲ್ಲೇ ಉಳಿದುಹೋಗಿತ್ತು.

ಅತ್ತೆಯನ್ನು ಕೆಟ್ಟವರು ಅಂದುಕೊಳ್ಳಬೇಡ. ಮಾವನವರು ಕಾಡಂಚಿನ ಗದ್ದೆಗೆ ಹೋಗಿ ಬಂದರೆ ಮಂಗನ ಕಾಯಿಲೆ ತರುವ ಉಣುಗು ಹತ್ತಿರುತ್ತದೆ ಅಂತ ಬಟ್ಟೆ ಹೊರಗೇ ಬಿಚ್ಚಿಸುತ್ತಾರೆ, ಬಿಸಿನೀರು ಸುರಿದುಕೊಳ್ಳದೆ ಕೂಸನ್ನು ಮುಟ್ಟಗೊಡುವುದಿಲ್ಲ. ನಾನು ಶಿಕಾರಿಪುರದಲ್ಲಿ ನಿಂತು ಪಾಠ ಮಾಡುವುದು ಅವರು ಸೊರಬದಲ್ಲಿ ಕೂಸನ್ನು ಎತ್ತಿಕೊಂಡಿರುವುದರಿಂದ. ಎರಡು ವರ್ಷದ ಹಿಂದೆ ಒಂದು ಕಡೆಯವರು ಒಪ್ಪಿ, ಆಸ್ಪತ್ರೆಯ ಯಾರಿಂದಲೋ ತಿಳಿದು ಬೇಡ ಅಂದಾಗ ಅತ್ತೆ ಎರಡು ದಿನ ಅನ್ನ ಮುಟ್ಟಲಿಲ್ಲ. ಅಲ್ಲಿಂದ ಮನೆಯಲ್ಲಿ ಆ ಕಾಯಿಲೆಯ ಹೆಸರೇ ಯಾರೂ ಎತ್ತುವುದಿಲ್ಲ. ಲೋಕೇಶ ಬೈಕ್ ಓಡಿಸುವಂತಿಲ್ಲ, ಬಸ್ಸಿನಲ್ಲೇ ಸೊಸೈಟಿ ಕೆಲಸಕ್ಕೆ ಹೋಗಿ ಬರುತ್ತಾನೆ. ಅದನ್ನು ಗುತ್ಯಪ್ಪ ಮಾಮನ ಎದುರು ಮಾವನವರು ಹೇಗೆ ಹೇಳಿದರು ಗೊತ್ತಾ? "ನಮ್ಮ ಹುಡುಗಂಗೆ ಬೈಕಿನ ಹುಚ್ಚೇ ಇಲ್ಲ ನೋಡ್ರಿ." ಮಾಮ ಸಂತೋಷದಿಂದ ತಲೆಯಾಡಿಸಿದರು, ಈ ಕಾಲದಲ್ಲಿ ಇಂಥ ಹುಡುಗ ಎಲ್ಲಿ ಸಿಗ್ತಾನೆ ಅಂದರು. ನಾನು ಕಾಫಿ ತಟ್ಟೆ ಹಿಡಿದುಕೊಂಡು ನಿಂತಿದ್ದೆ. ಜಾತಕ ಕೂಡಿತ್ತು, ಎತ್ತರ ಕೂಡಿತ್ತು, ಕೆಲಸ, ಜಮೀನು ಎಲ್ಲ ಕೂಡಿತ್ತು. ನಾನೇ ಕೊಟ್ಟ ಲೆಕ್ಕದ ಹಾಗೆ.

ಅವತ್ತು ರಾತ್ರಿ ನಿನ್ನ ಅಳಿಯನ ಹತ್ತಿರ ಈ ಮಾತು ಎತ್ತಿದೆ. ಅವರು ಗೋಡೆ ಕಡೆ ಮುಖ ಮಾಡಿಕೊಂಡೇ, ಹೇಳಿದರೆ ಯಾವ ಹೆಣ್ಣೂ ಬರುವುದಿಲ್ಲ, ಮದುವೆಯಾಗಿ ಒಗ್ಗಿಕೊಂಡ ಮೇಲೆ ನಿಧಾನಕ್ಕೆ ಹೇಳಿದರಾಯಿತು, ನಿನಗೂ ಹಾಗೇ ಗೊತ್ತಾಗಿದ್ದಲ್ಲವಾ ಅಂದರು. ನನಗೆ ಗೊತ್ತಾದಾಗ ನಾನು ಮೈದುನನನ್ನು ಬಿಟ್ಟು ಕೋಣೆಗೆ ಓಡಿದ್ದೆ. ಇವಳು ಓಡುವುದಕ್ಕೆ ಅವತ್ತು ಯಾವ ಕೋಣೆ ಇರುತ್ತದೆ?

ಮೊನ್ನೆ ಸೋಮವಾರ ತರಗತಿ ಮುಗಿದ ಮೇಲೆ ಸ್ಪಂದನ ಹಿಂದೆ ಉಳಿದಳು. ಎಲ್ಲರೂ ಹೋಗುವವರೆಗೆ ಡಸ್ಟರ್ ಹಿಡಿದು ಸುಮ್ಮನೆ ಬೋರ್ಡು ಒರೆಸುತ್ತಿದ್ದಳು. ಆಮೇಲೆ ಹೇಳಿದಳು, "ನಿಮ್ಮನ್ನ ಕೇಳ್ಬಾರ್ದು ಮೇಡಂ, ನೀವೂ ಆ ಮನೆಯೋರೆ. ಆದ್ರೆ ನಂಗೆ ಅಲ್ಲಿ ಟೀ ಅಂಗಡಿಯೋರು ಯಾರೂ ಗೊತ್ತಿಲ್ಲ. ಹೇಳ್ದೆ ಬಿಟ್ಟಿದ್ದು ಏನಾದ್ರೂ ಐತಾ?"

ನಾನು ಲೋಕೇಶ ತುಂಬಾ ಒಳ್ಳೆಯ ಹುಡುಗ ಅಂದೆ. ಸುಳ್ಳಲ್ಲ. ಕೂಸು ಅತ್ತರೆ ನನಗಿಂತ ಮುಂಚೆ ಏಳುವವನು ಅವನು, ನನಗೆ ತಲೆನೋವು ಅಂತ ಬಾಯಿ ಬಿಟ್ಟು ಹೇಳುವ ಮುಂಚೆ ಮಾತ್ರೆ ತಂದು ಕಿಟಕಿಯಲ್ಲಿಟ್ಟು ಹೋಗುವವನು. ಆದರೆ ಅವಳು ಕೇಳಿದ್ದು ಅದನ್ನಲ್ಲ. ನಾಲ್ಕು ತಿಂಗಳಿಂದ ದೊಡ್ಡವರು ಹೇಳಿದರು ಅಂತ ನಂಬಬೇಡಿ, ಏನು ಬಿಟ್ಟರು ಅಂತ ನೋಡಿ ಅಂತ ನಾನೇ ಕಲಿಸಿದ ಹುಡುಗಿ, "ನೀವು ಹೇಳಿದ್ರೆ ಆತು ಬಿಡಿ ಮೇಡಂ" ಅಂತ ಹಗುರವಾಗಿ ನಕ್ಕು, ಡಸ್ಟರ್ ಮೇಜಿನ ಮೇಲಿಟ್ಟು ಹೋದಳು. ಅವಳು ಮುಖ ಗಂಟಿಕ್ಕಿದ್ದರೆ ನನಗೆ ಇಷ್ಟು ಆಗುತ್ತಿರಲಿಲ್ಲ.

ಅದೇ ಸಂಜೆ ಅತ್ತೆ ಕಾಲು ಚಾಚಿ ಕೂಸಿಗೆ ಎಣ್ಣೆ ತಿಕ್ಕುತ್ತಾ, ಹುಡುಗಿ ಏನಾದರೂ ಕೇಳಿದಳಾ ಅಂದರು. ಹೇಗೆ ತಿಳಿಯಿತೋ, ನನ್ನ ಮುಖದಲ್ಲೇ ಇತ್ತೋ ಏನೋ. ಅವರು ನನ್ನ ಕೈ ಹಿಡಿದು ಎಣ್ಣೆಗೂದಲಿನ ಆ ತಲೆಯ ಮೇಲೆ ಇಟ್ಟರು. "ಲೋಕೇಶನ ವಿಷ್ಯ ನಿನ್ನ ಬಾಯಿಂದ ಹೊರಗೆ ಹೋಗಲ್ಲ ಅಂತ ಕೂಸಿನ ತಲೆ ಮುಟ್ಟಿ ಹೇಳು ಮಾರಾಯ್ತಿ." ಗದರಲಿಲ್ಲ, ಅಳುತ್ತಿದ್ದರು. ನೆತ್ತಿ ನನ್ನ ಅಂಗೈ ಕೆಳಗೆ ಮೆತ್ತಗೆ ಮಿಡಿಯುತ್ತಿತ್ತು. ಹೋಗಲ್ಲ ಅಂದೆ.

ಆಣೆಗೂ ಆಗುಹೋಗುಗಳಿಗೂ ಏನೂ ಸಂಬಂಧ ಇಲ್ಲ ಅಂತ ಮಕ್ಕಳಿಗೆ ಹೇಳಬಲ್ಲೆ. ಎರಡು ಸಂಗತಿ ಒಂದರ ಹಿಂದೆ ಒಂದು ಬಂದ ಮಾತ್ರಕ್ಕೆ ಮೊದಲನೆಯದೇ ಕಾರಣ ಅಲ್ಲ ಅಂತ ಹೋದ ತಿಂಗಳು ಒಂದು ಇಡೀ ಪಿರಿಯಡ್ ಪಾಠ ಮಾಡಿದ್ದೇನೆ. ಆದರೆ ಅದು ನಿದ್ದೆ ಮಾಡಿ ಎದ್ದವರ ಬುದ್ಧಿ. ಅವತ್ತಿನಿಂದ ಹೇಳಬೇಕು ಅಂತ ಬಾಯಿ ತೆರೆದರೆ ಕೂಸಿನ ನೆತ್ತಿ ಕೈಗೆ ತಾಗಿದ ಹಾಗಾಗುತ್ತದೆ. ಬಾಯಿಂದ ಹೇಳಲ್ಲ ಅಂದಿದ್ದೆ, ಅದಕ್ಕೇ ಕೈಯಿಂದ ಬರೆಯುತ್ತಿದ್ದೇನೆ. ಇಂಥ ಸಣ್ಣ ಸಂದು ಹುಡುಕುವ ಹಾಗಾಯಿತು ನೋಡು ನಿನ್ನ ಮಗಳಿಗೆ. ಹೇಳಿದರೆ ಆ ಮನೆಯಲ್ಲಿ ನಾನಿರುವುದು ಹೇಗೆ, ಕೂಸನ್ನು ಯಾರ ಕೈಗೆ ಕೊಟ್ಟು ಬಸ್ಸು ಹತ್ತುವುದು? ಹೇಳದಿದ್ದರೆ ನಾಳೆ ತರಗತಿಯಲ್ಲಿ ಬೋರ್ಡಿನ ಕಡೆ ತಿರುಗಿ ಏನು ಬರೆಯುವುದು?

ಭಾನುವಾರ ನಿಶ್ಚಿತಾರ್ಥ. ಅಷ್ಟರೊಳಗೆ ನೀನು ಒಂದು ಕೆಲಸ ಮಾಡು ಅವ್ವ. ಫೋನಿನಲ್ಲಿ ಬೇಡ. ನಾಳೆ ಬೆಳಗಿನ ಬಸ್ಸಿಗೆ ಅಂಜನಾಪುರಕ್ಕೆ ಹೋಗಿ, ಗುತ್ಯಪ್ಪ ಮಾಮನ ಹತ್ತಿರ ಇಷ್ಟೇ ಹೇಳು: ಅವತ್ತು ನಾನು ಹೇಳಿದ್ದು ತಿಳಿದು ಹೇಳಿದ್ದಲ್ಲ, ಹುಡುಗನ ಆರೋಗ್ಯದ ಬಗ್ಗೆ ನೀವೇ ಒಂದು ಸಲ ವಿಚಾರಿಸಿಕೊಳ್ಳಿ. ನನ್ನ ಹೆಸರು ಎತ್ತಬೇಡ. ನಿನ್ನ ಮೊಣಕಾಲು ನೆನೆದು ಹೀಗೆ ಕೇಳುವುದಕ್ಕೆ ಸಂಕಟವಾಗುತ್ತದೆ. ಬೇರೆ ಯಾರೂ ಇಲ್ಲ ನನಗೆ.

ಪ್ರದೀಪನಿಗೆ ನನ್ನ ನೆನಪು ಹೇಳು, ಏನು ಬರೆದಿದ್ದೇನೆ ಅಂತ ಹೇಳಬೇಡ. ನಿನ್ನ ಮೊಮ್ಮಗಳ ಪರವಾಗಿ ನಿನ್ನ ಎರಡೂ ಕೆನ್ನೆಗೆ ಮುತ್ತು. ಅವಳನ್ನು ಹರಸು, ಇವತ್ತು ಸ್ವಲ್ಪ ಹೆಚ್ಚಾಗಿಯೇ ಹರಸು.

ನಿನ್ನ ಮಗಳು,
ರಜನಿ

ತಾ.ಕ.: ಅವ್ವ, ಮೇಲೆ ಹೇಳಿದ್ದನ್ನು ಮಾಡಬೇಡ. ಅಂಜನಾಪುರಕ್ಕೆ ಹೋಗಬೇಡ. ಮಧ್ಯಾಹ್ನದ ತರಗತಿಗೆ ಹೋದೆ, ಸ್ಪಂದನ ಮುಂದಿನ ಬೆಂಚಿನಲ್ಲಿ ಕೂತಿದ್ದಳು. ನಿನ್ನನ್ನು ಕಳಿಸಿ ನಾನು ಒಳ್ಳೆಯವಳಾಗಿ ಉಳಿಯುವುದು ಸರಿ ಕಾಣಲಿಲ್ಲ. ಅರ್ಧಕ್ಕೆ ಪಾಠ ನಿಲ್ಲಿಸಿ ಅವಳನ್ನು ಹೊರಗೆ ಕರೆದು ಎಲ್ಲ ಹೇಳಿದೆ, ಬಾಯಿಂದಲೇ. ಕಾಯಿಲೆಯ ಹೆಸರು, ಮಾತ್ರೆಯ ಹೆಸರು, ಬಂದಾಗ ಏನು ಮಾಡಬೇಕು, ಡಾಕ್ಟರು ಹೇಳಿದ ಮಾತಿನ ಎರಡೂ ಅರ್ಧ. ಮುಖ ಬಿಳಿಚಿಕೊಂಡಿತು ಅವಳದು. ಆಮೇಲೆ ಕೇಳಿದಳು, "ನಂಗೆ ಹೇಳಿಲ್ಲ ಅನ್ನೋದು ಅವ್ರಿಗೆ ಗೊತ್ತಾ ಮೇಡಂ?" ನನಗೆ ಗೊತ್ತಿಲ್ಲ ಅಂದೆ. ನಿಜಕ್ಕೂ ಗೊತ್ತಿಲ್ಲ. ಇಷ್ಟೆಲ್ಲ ಆದರೂ ಲೋಕೇಶನನ್ನು ಒಂದು ಮಾತು ಕೇಳಬೇಕು ಅಂತ ನಮ್ಮಲ್ಲಿ ಯಾರಿಗೂ ಹೊಳೆದಿಲ್ಲ. ಭಾನುವಾರಕ್ಕೆ ಮುಂಚೆ ತಾನೇ ಅವನನ್ನು ಕೇಳುತ್ತಾಳಂತೆ, ಅವನೇನು ಹೇಳುತ್ತಾನೆ ನೋಡಿ ತೀರ್ಮಾನ ಮಾಡುತ್ತಾಳಂತೆ. ತರಗತಿಗೆ ವಾಪಸ್ಸು ಬಂದು ಫೋನ್ ನೋಡಿದರೆ ನಿನ್ನ ಅಳಿಯನ ಮೂರು ಮಿಸ್ಡ್ ಕಾಲ್. ಕೂಸಿಗೆ ಜ್ವರ ಬಂದಿದೆ. ನಿನ್ನೆ ಅಂಗನವಾಡಿಯಲ್ಲಿ ಒಂಬತ್ತನೇ ತಿಂಗಳ ಚುಚ್ಚುಮದ್ದು ಹಾಕಿಸಿದ್ದಾರೆ, ಜ್ವರ ಬರಬಹುದು ಅಂತ ನರ್ಸಮ್ಮ ಹೇಳಿಯೇ ಕಳಿಸಿದ್ದರು. ಅತ್ತೆಗೂ ಅದು ಗೊತ್ತು, ನನಗೂ ಗೊತ್ತು. ನಾನೀಗ ಬಸ್ಸಿಗೆ ಓಡುತ್ತಿದ್ದೇನೆ, ಮನೆಗೆ ಹೋಗಿ ಹೇಳಿದ್ದೇನೆ ಅಂತಲೂ ಹೇಳಬೇಕು. ಕಾಗದ ಸಿಕ್ಕಿದ ಕೂಡಲೇ ಪ್ರದೀಪನ ಬೈಕ್ ಹತ್ತಿ ಸೊರಬಕ್ಕೆ ಬಾ. ಜ್ವರ ಬಂದದ್ದು ಅದಕ್ಕಲ್ಲ ಅಂತ ಅತ್ತೆಗೆ ಹೇಳು. ನನಗೂ ಹೇಳು.